ಸನ್ಮಾನಕ್ಕಿಂತ ಮೊದಲು ಬೇಕಾದ ಆಸರೆ: ಎಸ್‌ಎಸ್‌ಎಲ್‌ಸಿ ಮಕ್ಕಳು ಮತ್ತು ಜೈನ ಸಮಾಜ

ಪ್ರತಿ ವರ್ಷ ಜೂನ್–ಜುಲೈ ಬಂತೆಂದರೆ ರಾಜ್ಯದ ಊರೂರುಗಳಲ್ಲಿ ಜೈನ ಸಮಾಜದ ಪ್ರತಿಭಾ ಪುರಸ್ಕಾರ ಕಾರ್ಯಕ್ರಮಗಳು ನಡೆಯುತ್ತವೆ. ಎಸ್‌ಎಸ್‌ಎಲ್‌ಸಿ, ಪಿಯುಸಿಯಲ್ಲಿ ಶೇ 85 ಅಥವಾ ಶೇ 90ಕ್ಕಿಂತ ಹೆಚ್ಚು ಅಂಕ ಪಡೆದ ಮಕ್ಕಳಿಗೆ ಶಾಲು, ಸ್ಮರಣಿಕೆ, ನಗದು ಬಹುಮಾನ ಸಿಗುತ್ತದೆ. ತಂದೆ–ತಾಯಿಯ ಮುಖ ಅರಳುತ್ತದೆ. ಮುನಿಗಳ, ಭಟ್ಟಾರಕರ ಆಶೀರ್ವಾದವೂ ದೊರೆಯುತ್ತದೆ. ಈ ಪದ್ಧತಿ ಒಳ್ಳೆಯದು, ಮುಂದುವರಿಯಬೇಕಾದದ್ದು.

ಆದರೆ ಅದೇ ಸಭೆಯ ಹಿಂದಿನ ಸಾಲುಗಳಲ್ಲಿ ಶೇ 45, ಶೇ 55, ಶೇ 65 ಪಡೆದ ಮಕ್ಕಳೂ ಕುಳಿತಿರುತ್ತಾರೆ. ಕೆಲವರು ಮನೆಯಿಂದಲೇ ಬಂದಿರುವುದಿಲ್ಲ. ಯಾವ ಸಮಾಜದಲ್ಲಾದರೂ ಇವರ ಸಂಖ್ಯೆಯೇ ಹೆಚ್ಚು. ಇವರಲ್ಲಿ ಬಹುಪಾಲು ಸಣ್ಣ ರೈತರ, ಕಿರಾಣಿ ಅಂಗಡಿಯವರ, ಕಾರ್ಖಾನೆ ಕೆಲಸಗಾರರ ಮಕ್ಕಳು. ಮುಂದೇನು ಓದಬೇಕು, ಎಲ್ಲಿ ಓದಬೇಕು, ಎಷ್ಟು ಖರ್ಚಾಗುತ್ತದೆ ಎಂದು ಕೇಳಲು ಇವರಿಗೆ ಸರಿಯಾದ ಜಾಗವಿಲ್ಲ. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಸುಮಾರು 4.40 ಲಕ್ಷ ಜೈನರಿದ್ದಾರೆ. ದೇಶದ ಸಮುದಾಯಗಳಲ್ಲಿ ಸಾಕ್ಷರತೆಯಲ್ಲಿ ಜೈನರೇ ಮೊದಲಿಗರು, ಅದು ಶೇ 94ಕ್ಕೂ ಹೆಚ್ಚು. ಈ ಸಂಖ್ಯೆಯನ್ನು ಭಾಷಣಗಳಲ್ಲಿ ಹೆಮ್ಮೆಯಿಂದ ಹೇಳಲಾಗುತ್ತದೆ. ಓದು–ಬರಹ ಬಲ್ಲವರು ಎಂಬುದು ಒಂದು, ಹತ್ತನೆಯ ತರಗತಿಯ ನಂತರ ಮಗು ಸರಿಯಾದ ದಾರಿ ಹಿಡಿಯಿತೇ ಎಂಬುದು ಇನ್ನೊಂದು. ಎರಡನೆಯದರ ಲೆಕ್ಕವನ್ನು ಯಾವ ಸಮಾಜವೂ ಇಟ್ಟಂತಿಲ್ಲ.

ಈ ವರ್ಷ ಆ ಲೆಕ್ಕ ಇಡಲೇಬೇಕಾದ ಕಾರಣವಿದೆ. ಪರೀಕ್ಷೆಯ ನಿಯಮಗಳೇ ಬದಲಾಗಿವೆ.

ಪಾಸು ಸುಲಭ, ಮುಂದಿನ ದಾರಿ ಸುಲಭವಲ್ಲ

2025–26ನೇ ಸಾಲಿನಿಂದ ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿಯಲ್ಲಿ ತೇರ್ಗಡೆಯ ಮಟ್ಟವನ್ನು ಶೇ 35ರಿಂದ ಶೇ 33ಕ್ಕೆ ಇಳಿಸಲಾಗಿದೆ. ಎಸ್‌ಎಸ್‌ಎಲ್‌ಸಿಯಲ್ಲಿ ಒಟ್ಟು 625ಕ್ಕೆ 206 ಅಂಕ ಬಂದು, ಆಂತರಿಕ ಅಂಕ ಸೇರಿಸಿ ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30 ಇದ್ದರೆ ಪಾಸು. ಅಂಗಡಿಯ ಲೆಕ್ಕದಂತೆ ಇದನ್ನು ಬಿಡಿಸಿ ನೋಡಬೇಕು. 625ರಲ್ಲಿ ಆಂತರಿಕ ಮೌಲ್ಯಮಾಪನದ ಪಾಲು 125, ಲಿಖಿತ ಪರೀಕ್ಷೆಯ ಪಾಲು 500. ಶಾಲೆಗಳು ಆಂತರಿಕ ಅಂಕವನ್ನು ಸಾಮಾನ್ಯವಾಗಿ ಧಾರಾಳವಾಗಿ ಕೊಡುತ್ತವೆ. ಒಬ್ಬ ಹುಡುಗನಿಗೆ ಅಲ್ಲಿ 105 ಬಂತೆಂದುಕೊಂಡರೆ, ಲಿಖಿತ ಪರೀಕ್ಷೆಯಲ್ಲಿ 500ಕ್ಕೆ 101 ತೆಗೆದರೆ ಒಟ್ಟು 206 ಆಗುತ್ತದೆ.

ಮಗು ಅನುತ್ತೀರ್ಣ ಎಂಬ ಹಣೆಪಟ್ಟಿಯಿಂದ ಉಳಿಯಿತು ಎಂಬುದು ಸಮಾಧಾನದ ಮಾತೇ. ಆದರೆ ಲಿಖಿತ ಪರೀಕ್ಷೆಯಲ್ಲಿ ಐದರಲ್ಲಿ ಒಂದು ಭಾಗ ಮಾತ್ರ ಬರೆಯಬಲ್ಲ ಮಗುವಿಗೆ ಪಿಯು ಗಣಿತ, ಲೆಕ್ಕಶಾಸ್ತ್ರ, ಭೌತಶಾಸ್ತ್ರ ಏನಾದೀತು? ಪೆಟ್ಟು ಒಂದು ವರ್ಷ ತಡವಾಗಿ ಬೀಳುತ್ತದೆ, ಅಷ್ಟೇ. ಅಷ್ಟರಲ್ಲಿ ಕಾಲೇಜಿನ ಶುಲ್ಕ, ಹಾಸ್ಟೆಲ್, ಪುಸ್ತಕದ ಖರ್ಚು ಆಗಿಹೋಗಿರುತ್ತದೆ. ‘ಪಾಸಾದನಲ್ಲ, ಸಾಕು’ ಎನ್ನುವ ಪೋಷಕರು ಇದನ್ನು ಮೊದಲೇ ತಿಳಿದಿರಬೇಕು.

ಇನ್ನೊಂದು ಬದಲಾವಣೆ 2023–24ರಿಂದ ಬಂದ ಮೂರು ಪರೀಕ್ಷೆಗಳ ಪದ್ಧತಿ. ಪೂರಕ ಪರೀಕ್ಷೆ ಎಂಬ ಹೆಸರು ಹೋಗಿ ಪರೀಕ್ಷೆ–1, 2, 3 ಬಂದಿವೆ. ಮೂರರಲ್ಲಿ ಯಾವುದರಲ್ಲಿ ಹೆಚ್ಚು ಅಂಕ ಬಂದಿದೆಯೋ ಅದೇ ಉಳಿಯುತ್ತದೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು. 2025ರಲ್ಲಿ ಪರೀಕ್ಷೆ–2 ಮೇ ಕೊನೆಯ ವಾರದಲ್ಲಿ, ಪರೀಕ್ಷೆ–3 ಜುಲೈನಲ್ಲಿ ನಡೆದವು. ಅಂದರೆ ಮಗುವಿಗೆ ವರ್ಷ ಹಾಳಾಗದೆ ಎರಡು ಅವಕಾಶ ಹೆಚ್ಚು. ಇದು ನಿಜವಾದ ಉಪಕಾರ. ಆದರೂ ಒಂದು ವಿಷಯದಲ್ಲಿ ಬಿದ್ದ ಮಗುವನ್ನು ನಾಚಿಕೆಯಿಂದ ಮನೆಯಲ್ಲಿ ಕೂರಿಸುವುದು, ಇಲ್ಲವೇ ನೇರ ಅಂಗಡಿಗೆ ಕರೆದೊಯ್ಯುವುದು ಇನ್ನೂ ನಿಂತಿಲ್ಲ.

ಪರೀಕ್ಷಾ ಕೊಠಡಿಗಳಲ್ಲಿ ವೆಬ್‌ಕಾಸ್ಟಿಂಗ್ ನಿಗಾ ಬಂದ ಮೇಲೆ ಫಲಿತಾಂಶದ ಚಿತ್ರವೂ ಬದಲಾಯಿತು. 2023ರಲ್ಲಿ ಶೇ 83.89 ಇದ್ದ ರಾಜ್ಯದ ಫಲಿತಾಂಶ 2024ರಲ್ಲಿ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕದ ಪ್ರಮಾಣವನ್ನು ಆ ವರ್ಷಕ್ಕೆ ಹೆಚ್ಚಿಸಿದ ನಂತರ ಬಂದ ಅಂಕಿ. 2025ರ ಪರೀಕ್ಷೆ–1ರಲ್ಲಿ ದಕ್ಷಿಣ ಕನ್ನಡ ಶೇ 91, ಉಡುಪಿ ಸುಮಾರು ಶೇ 90 ಪಡೆದರೆ, ಕೊನೆಯಲ್ಲಿದ್ದ ಕಲಬುರಗಿ ಶೇ 42ರ ಆಸುಪಾಸಿನಲ್ಲಿತ್ತು. ಮೂಡುಬಿದಿರೆ, ಕಾರ್ಕಳದ ಜೈನ ಮಗುವಿಗೆ ಸಿಗುವ ಶಾಲೆಯ ವಾತಾವರಣ, ಉತ್ತರದ ಒಣಭೂಮಿಯ ಹಳ್ಳಿಯ ಜೈನ ಮಗುವಿಗೆ ಸಿಗುವುದಿಲ್ಲ. ರಾಜ್ಯದಲ್ಲಿ ಅತಿ ಹೆಚ್ಚು ಜೈನರಿರುವುದು ಬೆಳಗಾವಿ ಜಿಲ್ಲೆಯಲ್ಲಿ. ಅಲ್ಲಿನವರು ಬಹುತೇಕ ಕೃಷಿಕರು. ಸಮಾಜದ ನೆರವು ಹೆಚ್ಚು ಬೇಕಿರುವುದೂ ಅಂಥ ಕಡೆಯೇ.

ಉಳಿದ ದಿನಗಳಲ್ಲಿ ಏನು ಮಾಡಬಹುದು

ಪರೀಕ್ಷೆ ಹತ್ತಿರ ಬಂದಾಗ ಟ್ಯೂಷನ್ ಹುಡುಕುವುದು ಬಾಯಾರಿದಾಗ ಬಾವಿ ತೋಡಿದಂತೆ. ಆದರೂ ಜನವರಿಯಿಂದ ಮಾರ್ಚ್‌ವರೆಗಿನ ಕಾಲದಲ್ಲಿ ಮಧ್ಯಮ ಮಟ್ಟದ ಮಗುವನ್ನು ಮೇಲೆತ್ತಲು ಸಾಧ್ಯವಿದೆ. ಅನುಭವಿ ಶಿಕ್ಷಕರು ಹೇಳುವ ಕ್ರಮ ಸರಳವಾಗಿದೆ.

ಮೊದಲನೆಯದು, ಶಾಲೆಯಲ್ಲಿ ನಡೆಯುವ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆಯನ್ನು ಮಗುವಿನ ಪಕ್ಕ ಕುಳಿತು ನೋಡುವುದು. ಅಂಕ ಎಷ್ಟು ಎಂದು ಕೇಳಿ ಬೈಯುವುದರಿಂದ ಏನೂ ಆಗದು. ಎಲ್ಲಿ ಅಂಕ ಹೋಯಿತು ಎಂದು ಪಟ್ಟಿ ಮಾಡಬೇಕು. ಓದದೆ ಹೋಯಿತೇ, ಓದಿ ಮರೆಯಿತೇ, ಗೊತ್ತಿದ್ದೂ ಸಮಯ ಸಾಲಲಿಲ್ಲವೇ ಎಂಬ ಮೂರು ಕಾರಣಗಳಿಗೆ ಮೂರು ಬೇರೆ ಔಷಧಗಳು ಬೇಕು.

ಎರಡನೆಯದು, ಮಂಡಳಿಯ ಮಾದರಿ ಪ್ರಶ್ನೆಪತ್ರಿಕೆಗಳು. ಇವು ಮಂಡಳಿಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ವಾರಕ್ಕೆ ಒಂದು ಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಬರೆಸಬೇಕು. ಗಣಿತದಲ್ಲಿ ಪ್ರಮೇಯಗಳು, ನಕ್ಷೆಯ ಲೆಕ್ಕಗಳು, ವಿಜ್ಞಾನದಲ್ಲಿ ಚಿತ್ರಗಳು, ಸಮಾಜ ವಿಜ್ಞಾನದಲ್ಲಿ ಭಾರತದ ನಕ್ಷೆ ಇವು ಅಭ್ಯಾಸ ಮಾಡಿದಷ್ಟೂ ಅಂಕ ಕೊಡುವ ಭಾಗಗಳು. ಶಾಲೆಗಳು ಕೊಡುವ ‘ಪಾಸಿಂಗ್ ಪ್ಯಾಕೇಜ್’ ಬೀಳುವ ಮಗುವನ್ನು ಉಳಿಸಲು ಸರಿ. ಶೇ 60 ತೆಗೆಯಬಲ್ಲ ಮಗುವಿಗೂ ಅದನ್ನೇ ಕೊಟ್ಟು ಕೂರಿಸಿದರೆ ಆ ಮಗುವಿಗೆ ನಷ್ಟ.

ಮೂರನೆಯದು ಜಾಗ. ಸಣ್ಣ ಮನೆಗಳಲ್ಲಿ ಟಿವಿ, ಮೊಬೈಲ್, ನೆಂಟರ ನಡುವೆ ಓದಲು ಮೂಲೆಯೂ ಸಿಗುವುದಿಲ್ಲ. ಬಹುತೇಕ ಊರುಗಳಲ್ಲಿ ಬಸದಿಯ ಪಕ್ಕ ಸಮುದಾಯ ಭವನವೋ ಪಾಠಶಾಲೆಯ ಕೋಣೆಯೋ ಇದೆ. ಮದುವೆ ಇಲ್ಲದ ದಿನಗಳಲ್ಲಿ ಅದಕ್ಕೆ ಬೀಗ. ಮೂರು ತಿಂಗಳ ಮಟ್ಟಿಗೆ ಅಲ್ಲಿ ನಾಲ್ಕು ಮೇಜು, ಒಳ್ಳೆಯ ಬೆಳಕು, ಕುಡಿಯುವ ನೀರು ಇಟ್ಟು, ಒಬ್ಬ ನಿವೃತ್ತ ಶಿಕ್ಷಕರನ್ನು ಕೂರಿಸಿದರೆ ಅದೇ ಓದಿನ ಮನೆ. ಇತರ ಸಮಾಜದ ನೆರೆಹೊರೆಯ ಮಕ್ಕಳೂ ಬಂದು ಕುಳಿತರೆ ಇನ್ನೂ ಒಳ್ಳೆಯದು.

ಊಟ, ಉಪವಾಸ, ಉತ್ಸವ

ಜೈನ ಮನೆಗಳಿಗೆ ಮಾತ್ರ ಸಂಬಂಧಿಸಿದ ಕೆಲವು ಸಂಗತಿಗಳಿವೆ. ಸೂರ್ಯಾಸ್ತದೊಳಗೆ ಊಟ ಮಾಡುವ ಮಗುವಿಗೆ ಸಂಜೆ ಏಳರವರೆಗಿನ ವಿಶೇಷ ತರಗತಿ ಇಕ್ಕಟ್ಟು ತರುತ್ತದೆ. ನಿಯಮ ಬಿಡಲಾಗದೆ, ತರಗತಿ ತಪ್ಪಿಸಲಾಗದೆ ಮಗು ಹಸಿದೇ ಮಲಗುವುದುಂಟು. ಐದೂವರೆಗೆ ಹದಿನೈದು ನಿಮಿಷ ಬಿಡುವು ಕೊಡಿ ಎಂದು ಪೋಷಕರು ಮುಖ್ಯ ಶಿಕ್ಷಕರನ್ನು ಕೇಳಿದರೆ ಸಾಮಾನ್ಯವಾಗಿ ಯಾರೂ ಇಲ್ಲ ಎನ್ನುವುದಿಲ್ಲ. ಡಬ್ಬಿ ಮಧ್ಯಾಹ್ನದದ್ದೇ ಆದರೂ ಸಾಕು. ಹಾಸ್ಟೆಲ್‌ಗೆ ಸೇರಿಸುವಾಗಲೂ ಈ ಮಾತನ್ನು ವಾರ್ಡನ್ ಜತೆ ಮೊದಲೇ ಆಡಬೇಕು.

ಉಪವಾಸ, ಏಕಾಶನಗಳನ್ನು ಶಕ್ತಿಯಿದ್ದಷ್ಟು ಮಾಡಬೇಕೆಂಬುದು ಹಿರಿಯರ ಮಾತು. ಪರೀಕ್ಷೆಯ ದಿನಗಳಲ್ಲಿ ಬೆಳೆಯುವ ಮಗುವಿಗೆ ಸ್ವಾಧ್ಯಾಯ, ಜಪದಂಥ ನಿಯಮ ಹಿಡಿಸಿ, ಕಠಿಣ ಉಪವಾಸವನ್ನು ಮುಂದೂಡುವುದು ಮನೆಯ ಹಿರಿಯರಿಗೆ ಬಿಟ್ಟ ವಿವೇಕ.

ಉತ್ಸವದ ವಿಚಾರ ಇನ್ನೂ ಗಂಭೀರ. ಪಂಚಕಲ್ಯಾಣ, ವಾರ್ಷಿಕ ರಥೋತ್ಸವಗಳು ಹೆಚ್ಚಾಗಿ ಜನವರಿಯಿಂದ ಏಪ್ರಿಲ್‌ವರೆಗೆ ನಡೆಯುತ್ತವೆ. ವೇಣೂರಿನ ಮಹಾಮಸ್ತಕಾಭಿಷೇಕ 2024ರಲ್ಲಿ ಫೆಬ್ರವರಿ 22ರಿಂದ ಮಾರ್ಚ್ 1ರವರೆಗೆ ನಡೆಯಿತು. ದ್ವಿತೀಯ ಪಿಯುಸಿ ಪರೀಕ್ಷೆ ಶುರುವಾದದ್ದು ಅದೇ ಮಾರ್ಚ್ 1ಕ್ಕೆ. 2026ರಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ–1 ಮಾರ್ಚ್ 18ರಿಂದ ಏಪ್ರಿಲ್ 2ರವರೆಗೆ ಇದೆ. ಮಹಾವೀರ ಜಯಂತಿ ಮಾರ್ಚ್ 31ಕ್ಕೆ, ಪರೀಕ್ಷೆ ಮುಗಿಯುವ ಮೊದಲೇ. ಮೆರವಣಿಗೆ, ಸಾಂಸ್ಕೃತಿಕ ಕಾರ್ಯಕ್ರಮಗಳ ತಾಲೀಮಿಗೆ ಹತ್ತನೆಯ ತರಗತಿಯ ಮಕ್ಕಳನ್ನು ಈ ವರ್ಷ ಕರೆಯುವುದಿಲ್ಲ ಎಂದು ಸ್ಥಳೀಯ ಸಮಿತಿಗಳು ಈಗಲೇ ತೀರ್ಮಾನಿಸಬೇಕು. ಮಗು ಬೆಳಿಗ್ಗೆ ಜಿನದರ್ಶನ ಮಾಡಿ ಬಂದು ಓದಲು ಕೂತರೆ ಜಯಂತಿಯ ಪುಣ್ಯಕ್ಕೆ ಕೊರತೆಯಾಗದು. ಧ್ವನಿವರ್ಧಕವನ್ನು ರಾತ್ರಿ ಬೇಗ ನಿಲ್ಲಿಸುವುದೂ ಅದೇ ತೀರ್ಮಾನದಲ್ಲಿ ಸೇರಲಿ.

ಎರಡೇ ದಾರಿ ಎಂಬ ಭ್ರಮೆ

ಫಲಿತಾಂಶ ಬಂದ ಮೇಲೆ ಮನೆಗಳಲ್ಲಿ ನಡೆಯುವ ಮಾತುಕತೆ ಬಹುತೇಕ ಒಂದೇ ತೆರ. ಅಂಕ ಹೆಚ್ಚಿದ್ದರೆ ಸೈನ್ಸ್, ಕಡಿಮೆಯಿದ್ದರೆ ಕಾಮರ್ಸ್, ಅದೂ ಇಲ್ಲದಿದ್ದರೆ ಅಂಗಡಿ ಅಥವಾ ಹೊಲ. ಈ ತೀರ್ಮಾನ ಒಂದೆರಡು ವಾರದಲ್ಲಿ ಮುಗಿಯುತ್ತದೆ. ಅದರ ಪರಿಣಾಮ ನಲವತ್ತು ವರ್ಷ ಇರುತ್ತದೆ.

ವಿಜ್ಞಾನ ಆರಿಸುವ ಕುಟುಂಬ ಎರಡು ವಿಷಯ ತಿಳಿದಿರಬೇಕು. ಎಂಬಿಬಿಎಸ್‌ಗೆ ನೀಟ್ ಅಂಕವೇ ಆಧಾರ. ಪಿಯುಸಿಯಲ್ಲಿ ಎಷ್ಟು ಅಂಕ ಬಂದರೂ ನೀಟ್‌ನಲ್ಲಿ ಹಿಂದುಳಿದರೆ ಸೀಟಿಲ್ಲ. ಎಂಜಿನಿಯರಿಂಗ್‌ಗೆ ರಾಜ್ಯದ ಸಿಇಟಿಯಲ್ಲಿ ಪಿಯುಸಿಯ ಅಂಕ ಮತ್ತು ಸಿಇಟಿ ಅಂಕಗಳಿಗೆ ಸಮಪಾಲು. ಲಕ್ಷಗಟ್ಟಲೆ ಶುಲ್ಕದ ವಸತಿ ಕಾಲೇಜಿಗೆ ಸೇರಿಸುವ ಮೊದಲು, ಮಗುವಿನ ಹತ್ತನೆಯ ತರಗತಿಯ ಗಣಿತ, ವಿಜ್ಞಾನದ ಲಿಖಿತ ಅಂಕಗಳನ್ನು ಆಂತರಿಕ ಅಂಕ ಕಳೆದು ನೋಡಬೇಕು. ಕನ್ನಡ ಮಾಧ್ಯಮದಿಂದ ಬಂದ ಮಗುವಿಗೆ ಪಿಯು ವಿಜ್ಞಾನದ ಇಂಗ್ಲಿಷೇ ಮೊದಲ ಆರು ತಿಂಗಳು ದೊಡ್ಡ ಗೋಡೆ. ಪರೀಕ್ಷೆ ಮುಗಿದು ಕಾಲೇಜು ಶುರುವಾಗುವ ನಡುವಿನ ಎರಡು ತಿಂಗಳಲ್ಲಿ ವಿಜ್ಞಾನ, ಗಣಿತದ ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಯಲ್ಲಿ ಕಲಿಸುವ ಸಣ್ಣ ಶಿಬಿರ ನಡೆಸಿದರೆ ಆ ಗೋಡೆ ತಗ್ಗುತ್ತದೆ.

ವಾಣಿಜ್ಯವನ್ನು ‘ಕಡಿಮೆ ಅಂಕದವರ ವಿಭಾಗ’ ಎಂದು ನೋಡುವುದು ವ್ಯಾಪಾರಿ ಸಮಾಜಕ್ಕೆ ಶೋಭೆಯಲ್ಲ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ಸಣ್ಣ ಅಂಗಡಿಯೂ ಲೆಕ್ಕಪತ್ರದ ಹಿಡಿತಕ್ಕೆ ಬಂದಿದೆ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಬಂದಾಗ ಆದ ಗಾಬರಿ ಎಲ್ಲರಿಗೂ ನೆನಪಿದೆ. ತಂದೆಯ ಅಂಗಡಿಯಲ್ಲೇ ಕೂರುವ ಮಗನಿಗೂ ಈಗ ಓದು ಬೇಕು. ಸಿಎ ಓದುವ ಆಸೆಯಿದ್ದರೆ ಹತ್ತನೆಯ ತರಗತಿಯ ನಂತರವೇ ಫೌಂಡೇಷನ್‌ಗೆ ನೋಂದಾಯಿಸಬಹುದು, ಪರೀಕ್ಷೆ ಬರೆಯುವುದು ಪಿಯುಸಿ ನಂತರ. ನಾಲ್ಕು ಪತ್ರಿಕೆ, ಪ್ರತಿಯೊಂದರಲ್ಲೂ ಕನಿಷ್ಠ ಶೇ 40, ಒಟ್ಟಾರೆ ಶೇ 50 ಬೇಕು. ಉತ್ತರ ಇಂಗ್ಲಿಷ್ ಅಥವಾ ಹಿಂದಿಯಲ್ಲೇ ಬರೆಯಬೇಕಾದ್ದರಿಂದ ಭಾಷೆಯ ತಯಾರಿ ಮೊದಲೇ ಆಗಬೇಕು.

ಮೂರನೆಯ ದಾರಿ ಡಿಪ್ಲೊಮಾ. ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಓದಿ ಡಿಸಿಇಟಿ ಬರೆದರೆ ನೇರ ಎಂಜಿನಿಯರಿಂಗ್ ಎರಡನೆಯ ವರ್ಷಕ್ಕೆ ಸೇರಬಹುದು. ಸರ್ಕಾರದ ಜಿಟಿಟಿಸಿ ಕೇಂದ್ರಗಳಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಇದೆ. ಮೂರು ವರ್ಷ ಓದು, ಒಂದು ವರ್ಷ ಕೈಗಾರಿಕೆಯಲ್ಲಿ ತರಬೇತಿ. ಬೆಳಗಾವಿ, ಹುಬ್ಬಳ್ಳಿ ಸೇರಿ ಹಲವೆಡೆ ಈ ಕೇಂದ್ರಗಳಿವೆ. ಬೆಳಗಾವಿಯ ಉದ್ಯಮಬಾಗ್‌ನ ಫೌಂಡ್ರಿ, ಯಂತ್ರಭಾಗದ ಕಾರ್ಖಾನೆಗಳಿಗೆ ಕೈಕೆಲಸ ಬಲ್ಲ ಹುಡುಗರು ಬೇಕೇ ಬೇಕು.

ಕೃಷಿಕ ಕುಟುಂಬಗಳಿಗೆ ಇನ್ನೂ ಒಂದು ಅವಕಾಶವಿದೆ. ಕೃಷಿ ವಿಶ್ವವಿದ್ಯಾಲಯಗಳು ಎಸ್‌ಎಸ್‌ಎಲ್‌ಸಿ ನಂತರ ಎರಡು ವರ್ಷದ ಕೃಷಿ ಡಿಪ್ಲೊಮಾವನ್ನು ಕನ್ನಡ ಮಾಧ್ಯಮದಲ್ಲಿ ನಡೆಸುತ್ತವೆ. ಪಿಯು ವಿಜ್ಞಾನ ಓದಿದವರಿಗೆ ಬಿಎಸ್ಸಿ ಕೃಷಿಯಲ್ಲಿ ಕೃಷಿಕರ ಮಕ್ಕಳಿಗೆಂದೇ ಮೀಸಲಾದ ಸೀಟುಗಳಿವೆ. ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಹೊಲದಲ್ಲಿ ಬೆಳೆದ ಮಗುವಿಗೆ ಬೀಜ, ಗೊಬ್ಬರ ಗುರುತಿಸುವುದು ಕಷ್ಟವೇನಲ್ಲ.

ಕೆಲವು ಮನೆಗಳಲ್ಲಿ ‘ಆ ಓದಿನಲ್ಲಿ ಹಿಂಸೆ ಇದೆಯಲ್ಲ’ ಎಂಬ ಪ್ರಶ್ನೆ ಏಳುತ್ತದೆ. ಅದು ಸಹಜವಾದ ಪ್ರಶ್ನೆ, ನಗುವಂಥದ್ದಲ್ಲ. ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ಹಿಂಸೆಯಲ್ಲಿ ನಾಲ್ಕು ಬಗೆ ಹೇಳಿ, ಸಂಕಲ್ಪಪೂರ್ವಕ ಹಿಂಸೆಯನ್ನು ಶ್ರಾವಕ ಪೂರ್ತಿ ಬಿಡಬೇಕೆಂದೂ, ಜೀವನೋಪಾಯದಲ್ಲಿ ತಪ್ಪದೆ ಆಗುವ ಹಿಂಸೆಯನ್ನು ಆದಷ್ಟು ಕಡಿಮೆ ಮಾಡಬೇಕೆಂದೂ ಹಿರಿಯರು ತಿಳಿಸಿದ್ದಾರೆ. ಮಗುವನ್ನು ಪಾಠಶಾಲೆಯ ಪಂಡಿತರ ಬಳಿ ಕೂರಿಸಿ ಮಾತಾಡಿಸಿದರೆ ಅದರ ಗೊಂದಲವೂ ಕಳೆಯುತ್ತದೆ. ಪಶುವೈದ್ಯ, ಔಷಧ ವಿಜ್ಞಾನದಂಥ ವಿಷಯಗಳನ್ನು ವಿಚಾರ ಮಾಡದೆ ಬದಿಗೆ ಸರಿಸುವುದು ತಪ್ಪುತ್ತದೆ.

ಕಾಗದಪತ್ರದಲ್ಲಿ ಕೈತಪ್ಪುವ ಸೀಟು

ಅಂಕ ಇದ್ದೂ ಸೀಟು, ವಿದ್ಯಾರ್ಥಿವೇತನ ತಪ್ಪುವುದು ಬಹಳ ಸಲ ಕಾಗದಪತ್ರದಿಂದ. 2014ರ ಜನವರಿಯಲ್ಲಿ ಜೈನರಿಗೆ ರಾಷ್ಟ್ರಮಟ್ಟದಲ್ಲಿ ಧಾರ್ಮಿಕ ಅಲ್ಪಸಂಖ್ಯಾತ ಸ್ಥಾನ ದೊರೆಯಿತು. ಇದು ಒಂದು. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ದಿಗಂಬರ ಜೈನರು ಪ್ರವರ್ಗ 3ಬಿಯಲ್ಲಿದ್ದಾರೆ. ಇದು ಬೇರೆ. ಎರಡನ್ನೂ ಬೆರೆಸಿಕೊಂಡು, ಒಂದರ ಪ್ರಮಾಣಪತ್ರ ಇಟ್ಟುಕೊಂಡು ಇನ್ನೊಂದಕ್ಕೆ ಅರ್ಜಿ ಹಾಕಿ ತಿರಸ್ಕೃತರಾಗುವವರಿದ್ದಾರೆ. 2025ರ ಸೆಪ್ಟೆಂಬರ್‌ನಲ್ಲಿ ಶುರುವಾದ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯ ಹೊತ್ತಿನಲ್ಲಿ ಧರ್ಮದ ಕಾಲಂನಲ್ಲಿ ‘ಜೈನ’ ಎಂದೇ ಬರೆಸಿ ಎಂಬ ಜಾಗೃತಿ ಸಮಾಜದಲ್ಲಿ ಚೆನ್ನಾಗಿ ನಡೆಯಿತು. ಅಷ್ಟೇ ಕಾಳಜಿಯಿಂದ ಮಗುವಿನ ಶಾಲಾ ದಾಖಲೆಯನ್ನೂ ನೋಡಬೇಕು.

ಹತ್ತನೆಯ ತರಗತಿಯ ಪೋಷಕರು ಈಗಲೇ ನೋಡಬೇಕಾದವು ಇಷ್ಟು:

– ಶಾಲಾ ದಾಖಲೆ, ಆಧಾರ್, ಬ್ಯಾಂಕ್ ಖಾತೆ ಮೂರರಲ್ಲೂ ಹೆಸರು, ಇನಿಷಿಯಲ್, ಜನ್ಮದಿನಾಂಕ ಒಂದೇ ಇರಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಬಂದ ಮೇಲೆ ತಿದ್ದುಪಡಿ ಬಹಳ ಕಷ್ಟ.

– ನಾಡಕಚೇರಿಯ ಜಾತಿ–ಆದಾಯ ಪ್ರಮಾಣಪತ್ರದ ಅವಧಿ ಮೀರಿಲ್ಲವೇ ನೋಡಿ, ಅದರ ಆರ್‌ಡಿ ಸಂಖ್ಯೆಯನ್ನು ಬರೆದಿಡಬೇಕು. ಸಿಇಟಿ ಅರ್ಜಿಯಲ್ಲೂ ವಿದ್ಯಾರ್ಥಿವೇತನದ ಅರ್ಜಿಯಲ್ಲೂ ಅದು ಬೇಕಾಗುತ್ತದೆ.

– ಒಂದರಿಂದ ಹತ್ತರವರೆಗೆ ಗ್ರಾಮೀಣ ಶಾಲೆಯಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿಯಲ್ಲಿ ಮೀಸಲಾತಿ ಇದೆ. ಶಾಲೆ ಬದಲಿಸಿದ್ದರೆ ಪ್ರತಿ ಶಾಲೆಯಿಂದಲೂ ವ್ಯಾಸಂಗ ಪ್ರಮಾಣಪತ್ರ ಪಡೆಯಬೇಕು. ಗಡಿಭಾಗದಲ್ಲಿ ಮರಾಠಿ ಮಾಧ್ಯಮದಲ್ಲಿ ಓದಿದವರು ಕನ್ನಡ ಮಾಧ್ಯಮದ ಮೀಸಲಾತಿ ತಮಗಿಲ್ಲ ಎಂಬುದನ್ನು ಮೊದಲೇ ತಿಳಿದಿರಲಿ.

– ಕಲ್ಯಾಣ ಕರ್ನಾಟಕದ ಜಿಲ್ಲೆಗಳವರು 371ಜೆ ಅರ್ಹತಾ ಪ್ರಮಾಣಪತ್ರ ಮಾಡಿಸಿಡಬೇಕು.

– ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ಯೋಜನೆ ಸಿಇಟಿ, ನೀಟ್ ಮೂಲಕ ವೃತ್ತಿಪರ ಕೋರ್ಸಿಗೆ ಆಯ್ಕೆಯಾದವರಿಗಿದೆ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಅರ್ಜಿ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ಕೊನೆಯ ದಿನದವರೆಗೆ ಕಾಯಬಾರದು.

ಸಮಾಜದ ಹಣ ಎಲ್ಲಿ ಹೆಚ್ಚು ಫಲ ಕೊಡುತ್ತದೆ

ಮಕ್ಕಳ ಓದಿಗೆ ಆಸರೆ ಕೊಡುವುದು ಈ ಸಮಾಜಕ್ಕೆ ಹೊಸದಲ್ಲ. 1899ರಲ್ಲಿ ಹುಟ್ಟಿದ ದಕ್ಷಿಣ ಭಾರತ ಜೈನ ಸಭೆ ಊರೂರುಗಳಲ್ಲಿ ಜೈನ ಬೋರ್ಡಿಂಗ್‌ಗಳನ್ನು ಕಟ್ಟಿತು. ಹಳ್ಳಿಯ ರೈತರ ಮಕ್ಕಳು ಪಟ್ಟಣದಲ್ಲಿ ಇದ್ದು ಓದುವಂತಾದದ್ದು ಅವುಗಳಿಂದ. ಜೈನ ಕುಟುಂಬದಲ್ಲಿ ಹುಟ್ಟಿದ ಕರ್ಮವೀರ ಭಾವುರಾವ್ ಪಾಟೀಲರು 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆ ಕಟ್ಟಿ, ಎಲ್ಲ ಜಾತಿಯ ಬಡ ಮಕ್ಕಳನ್ನೂ ಒಂದೇ ವಸತಿಗೃಹದಲ್ಲಿ ಕೂರಿಸಿ ದುಡಿಯುತ್ತ ಕಲಿಯುವಂತೆ ಮಾಡಿದರು. ಆ ಹಿರಿಯರು ಅಂಕಪಟ್ಟಿ ನೋಡಿ ಮಕ್ಕಳನ್ನು ಒಳಗೆ ಬಿಡಲಿಲ್ಲ. ಓದಲು ಬಂದ ಮಗುವಿಗೆ ಅನ್ನ, ಜಾಗ, ದಾರಿ ತೋರಿಸಿದರು.

ಇಂದು ಹಣಕ್ಕೆ ಅಷ್ಟು ಕೊರತೆಯಿಲ್ಲ. ಒಂದು ಪುರಸ್ಕಾರ ಸಮಾರಂಭಕ್ಕೆ ಪೆಂಡಾಲು, ಆಹ್ವಾನ ಪತ್ರಿಕೆ, ಶಾಲು, ಸ್ಮರಣಿಕೆ, ಊಟ ಎಂದು ಆಗುವ ಖರ್ಚಿನ ಮೂರನೆಯ ಒಂದು ಭಾಗವನ್ನು ಡಿಸೆಂಬರ್‌ನಲ್ಲೇ ತೆಗೆದಿಟ್ಟರೆ ಸಾಕು. ಅದರಲ್ಲಿ ಮೂರು ತಿಂಗಳ ಓದಿನ ಕೋಣೆ, ಇಬ್ಬರು ವಿಷಯ ಶಿಕ್ಷಕರ ಗೌರವಧನ, ಪ್ರಶ್ನೆಪತ್ರಿಕೆಗಳ ಜೆರಾಕ್ಸ್ ಆಗುತ್ತದೆ. ಮಹಿಳಾ ಸಮಾಜದವರು ಸಂಜೆಯ ಉಪಾಹಾರ ವಹಿಸಿಕೊಂಡರೆ ಮನೆಯ ತಾಯಂದಿರ ಚಿಂತೆಯೂ ಕಡಿಮೆ. ಊರಿನ ಸಿಎ, ಎಂಜಿನಿಯರ್, ನರ್ಸ್, ಬ್ಯಾಂಕ್ ಅಧಿಕಾರಿ, ಲೇತ್ ಕಾರ್ಖಾನೆಯ ಮಾಲೀಕ, ಪ್ರಗತಿಪರ ರೈತ ಇವರನ್ನು ಒಂದು ಭಾನುವಾರ ಕರೆದು ಮಕ್ಕಳ ಜತೆ ಕೂರಿಸಬೇಕು. ಭಾಷಣ ಬೇಡ. ಎಷ್ಟು ವರ್ಷ ಓದಿದಿರಿ, ಎಷ್ಟು ಖರ್ಚಾಯಿತು, ಮೊದಲ ಸಂಬಳ ಎಷ್ಟಿತ್ತು, ಯಾವುದು ಕಷ್ಟವಾಯಿತು ಎಂದು ಮಕ್ಕಳೇ ಕೇಳಲಿ. ಹೆಣ್ಣುಮಕ್ಕಳ ಪೋಷಕರನ್ನು ಬೇರೆಯಾಗಿ ಕರೆದು ಸುರಕ್ಷಿತ ಹಾಸ್ಟೆಲ್, ಬಸ್ಸಿನ ವ್ಯವಸ್ಥೆಯ ಮಾತಾಡಬೇಕು. ಹಲವು ಹುಡುಗಿಯರ ಓದು ನಿಲ್ಲುವುದು ಅಂಕದಿಂದಲ್ಲ, ಈ ಒಂದು ಚಿಂತೆಯಿಂದ.

ಇದರ ಜತೆಗೆ ಒಂದು ನೋಟ್‌ಬುಕ್ ಬೇಕು. ಊರಿನಲ್ಲಿ ಹತ್ತನೆಯ ತರಗತಿಯಲ್ಲಿರುವ ಸಮಾಜದ ಮಕ್ಕಳೆಷ್ಟು, ಯಾರಿಗೆ ಯಾವ ವಿಷಯ ಕಷ್ಟ, ಪರೀಕ್ಷೆ–1ರಲ್ಲಿ ಯಾರಿಗೆ ಏನಾಯಿತು, ಯಾರು ಪರೀಕ್ಷೆ–2 ಬರೆಯಬೇಕು, ಆಗಸ್ಟ್ ಹೊತ್ತಿಗೆ ಯಾರು ಎಲ್ಲಿ ಸೇರಿದರು ಎಂಬುದನ್ನು ಹೆಸರು ಸಮೇತ ಬರೆದಿಡಬೇಕು. ಐವತ್ತು ಮನೆಯ ಊರಿನಲ್ಲಿ ಇಂಥ ಮಕ್ಕಳು ಐದಾರು ಜನ ಇರಬಹುದು. ಒಬ್ಬ ಕಾರ್ಯಕರ್ತ ಸಂಜೆ ಒಂದು ಗಂಟೆ ಕೊಟ್ಟರೆ ಆಗುವ ಕೆಲಸ. ಯಾವ ಮಗುವಿನ ಹೆಸರಿನ ಮುಂದೆ ‘ಎಲ್ಲಿಯೂ ಸೇರಿಲ್ಲ’ ಎಂದು ಬರುತ್ತದೋ ಆ ಮನೆಗೆ ಸಮಾಜದ ಇಬ್ಬರು ಹಿರಿಯರು ಹೋಗಿ ಕೂರಬೇಕು.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನದಲ್ಲಿ ಶಾಸ್ತ್ರದಾನವೂ ಒಂದು. ಸೋತೆನೆಂದು ಕುಗ್ಗಿದ ಮಗುವಿಗೆ ‘ಇನ್ನೂ ಎರಡು ಪರೀಕ್ಷೆ ಇವೆ, ಬಾ, ಬರೆಯೋಣ’ ಎಂದು ಹೇಳುವುದರಲ್ಲಿ ಶಾಸ್ತ್ರದಾನದ ಜತೆಗೆ ಅಭಯದಾನವೂ ಸೇರಿದೆ. ಬರುವ ಜೂನ್‌ನಲ್ಲಿ ಪುರಸ್ಕಾರ ಸಮಾರಂಭ ನಡೆಯಲಿ, ಶೇ 95 ಪಡೆದ ಮಗುವಿಗೆ ಶಾಲು ಹೊದಿಸಲಿ. ಅದೇ ವೇದಿಕೆಯಲ್ಲಿ ಆ ನೋಟ್‌ಬುಕ್‌ನ ಲೆಕ್ಕವನ್ನೂ ಕಾರ್ಯದರ್ಶಿಗಳು ಓದಲಿ: ಇಷ್ಟು ಮಕ್ಕಳಿದ್ದರು, ಇಷ್ಟು ಮಂದಿ ಸೇರಿದರು, ಉಳಿದವರಿಗಾಗಿ ಈ ಕೆಲಸ ನಡೆದಿದೆ ಎಂದು.